ಸೋಮವಾರದ ಎತ್ತೂ ಕರ್ತನ ವಿಶ್ರಾಂತಿಯೂ

ಓದತಕ್ಕ ಭಾಗಗಳು: ಧರ್ಮೋಪದೇಶಕಾಂಡ 5:12ರಿಂದ 15, ಮತ್ತಾಯ 11:28ರಿಂದ 30, ಎಫೆಸದವರಿಗೆ 2:8ರಿಂದ 10.



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಈ ನಾಲ್ಕು ಸೀಮೆಗಳಲ್ಲಿ ಒಕ್ಕಲುತನ ಮಾಡುವವರಿಗೆ ಸೋಮವಾರವೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಆ ದಿನ ಎತ್ತಿನ ಹೆಗಲಿಗೆ ನೊಗವನ್ನು ಇಡುವದಿಲ್ಲ. ಹೊಲದ ಹದ ಎಷ್ಟೇ ಚೆನ್ನಾಗಿರಲಿ, ಬಿತ್ತಿಗೆಯ ಅವಸರ ಎಷ್ಟೇ ಇರಲಿ, ಎತ್ತುಗಳ ಮೈ ತೊಳೆದು, ಮೇವು ಹಾಕಿ, ನೆರಳಿನಲ್ಲಿ ಕಟ್ಟುವರು. ಈಗ ಟ್ರ್ಯಾಕ್ಟರುಗಳು ಬಂದು ಎತ್ತುಗಳು ಕಡಮೆಯಾದವು. ಆದರೂ ಎತ್ತು ಇರುವ ಮನೆಗಳಲ್ಲಿ ಅನೇಕರು ಈ ಪದ್ಧತಿಯನ್ನು ಇಂದಿಗೂ ಬಿಟ್ಟಿಲ್ಲ. ನೊಗವಿಲ್ಲದೆ ಮಲಗಿದ ಎತ್ತು, ಈ ಬಿಡುವಿಗೆ ನಾನು ಯೋಗ್ಯನೋ ಅಲ್ಲವೋ ಎಂದು ಚಿಂತಿಸುವದಿಲ್ಲ. ಹಿಂದಿನ ವಾರ ಚೆನ್ನಾಗಿ ಎಳೆದ ಎತ್ತಿಗೂ, ಸೋತು ಸೋತು ಎಳೆದ ಎತ್ತಿಗೂ ಸೋಮವಾರವು ಒಂದೇ ಸಮನಾಗಿ ಬರುತ್ತದೆ. ಯಾಕಂದರೆ ಆ ಬಿಡುವು ಎತ್ತಿನ ಗಳಿಕೆಯಲ್ಲ, ಅದು ಒಡೆಯನ ಮನಸ್ಸು.

ಈ ಸಣ್ಣ ಮಾತಿನಿಂದಲೇ ನಮ್ಮ ಈ ತಿಂಗಳ ಪಾಠವನ್ನು ಆರಂಭಿಸುತ್ತೇವೆ.

ಸಿಂದಗಿ ಸೀಮೆಯ ಒಂದು ಹಳ್ಳಿಯಲ್ಲಿ ನಮಗೆ ಪರಿಚಿತರಾದ ಸಭೆಯ ಹಿರಿಯರೊಬ್ಬರಿದ್ದಾರೆ. ಅವರ ಹೆಸರು ಇಲ್ಲಿ ಬೇಡ. ಸ್ವಲ್ಪ ಎರೆ ಹೊಲ, ಒಂದು ಜೋಡು ಎತ್ತು, ಹೆಂಡತಿ ಮಕ್ಕಳು; ಇದೇ ಅವರ ಸಂಸಾರ. 2023ರಲ್ಲಿ ಮಳೆ ಕೈಕೊಟ್ಟಿತು. ಮುಂಗಾರಿನ ಪೈರು ಒಣಗಿತು, ಹಿಂಗಾರಿಗೂ ಭೂಮಿಯಲ್ಲಿ ಹದ ಸಾಲಲಿಲ್ಲ. ಹಿರಿಯ ಮಗನು ಗುಳೆ ಎದ್ದು ಗೋವೆಗೆ ಹೋದನು. ಅದೇ ವೇಳೆಗೆ ಚಿಕ್ಕ ಮಗಳು ಜ್ವರದಿಂದ ಹಾಸಿಗೆ ಹಿಡಿದಳು. ಆಗ ಹಿರಿಯರ ಮನಸ್ಸಿನಲ್ಲಿ ಒಂದು ವಿಚಾರವು ಹೊಕ್ಕಿತು. ಅದೇನಂದರೆ, ನನ್ನ ಸೇವೆಯಲ್ಲಿ ಎಲ್ಲಿಯೋ ಕೊರತೆಯಿದೆ. ದೇವರಿಗೆ ನನ್ನ ಮೇಲೆ ತೃಪ್ತಿಯಿಲ್ಲ. ಇನ್ನೂ ಹೆಚ್ಚು ಮಾಡಿದರೆ ಆತನ ಮನಸ್ಸು ತಿರುಗೀತು.

ಅಂದಿನಿಂದ ಶುಕ್ರವಾರದ ಉಪವಾಸವು ಬುಧವಾರಕ್ಕೂ ಬಂತು. ನಸುಕಿನ ನಾಲ್ಕು ಗಂಟೆಯ ಪ್ರಾರ್ಥನೆಯು ಮೂರಕ್ಕೆ ಹೋಯಿತು. ಹಗಲೆಲ್ಲಾ ಪರರ ಹೊಲದಲ್ಲಿ ಕೂಲಿ, ರಾತ್ರಿ ಹಳ್ಳಿಯಿಂದ ಹಳ್ಳಿಗೆ ನಡೆದು ಪ್ರಾರ್ಥನಾಕೂಟ. ಮುಖವು ಬತ್ತಿತು, ಮಾತು ಒರಟಾಯಿತು, ಮನೆಯವರ ಸಂಗಡ ಕೂತು ಉಣ್ಣುವದೇ ಇಲ್ಲದಾಯಿತು. ನಾವು ಆ ಸಭೆಗೆ ಹೋದಾಗ ಏನು ಮಾಡಿದೆವು? ಅವರನ್ನು ಎಲ್ಲರ ಮುಂದೆ ನಿಲ್ಲಿಸಿ, ಇಂಥ ಆಸಕ್ತಿಯು ನಿಮ್ಮೆಲ್ಲರಿಗೂ ಬರಲಿ ಎಂದು ಹೊಗಳಿದೆವು. ಈ ತಪ್ಪನ್ನು ಮೊದಲು ಒಪ್ಪಿಕೊಂಡು ಮುಂದೆ ಬರೆಯುತ್ತೇವೆ.

ಚಳಿಗಾಲದ ಒಂದು ಸೋಮವಾರ ನಸುಕಿನಲ್ಲಿ ಅವರು ಪ್ರಾರ್ಥನೆಗೆಂದು ಎದ್ದವರು ತಲೆ ತಿರುಗಿ ಕೊಟ್ಟಿಗೆಯ ಬಾಗಿಲಲ್ಲಿ ಬಿದ್ದುಬಿಟ್ಟರು. ಹೆಂಡತಿಯು ಓಡಿಬಂದು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೀರು ಕುಡಿಸಿದಳು. ಒಳಗೆ ಎತ್ತುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಆಕೆ ಅವುಗಳ ಕಡೆಗೆ ಕೈಮಾಡಿ ತೋರಿಸಿ ಕೇಳಿದ್ದು ಇಷ್ಟೇ:

“ಎತ್ತಿಗೆ ಸೋಮವಾರ ಸೂಟಿ ಕೊಡ್ತೀರಿ. ನಮ್ಮ ದೇವರು ನಿಮಗ ಅಷ್ಟೂ ಕೊಡಂಗಿಲ್ಲೇನ್ರೀ?”

ಹಿರಿಯರಿಗೆ ಉತ್ತರ ತೋಚದೆ ಆ ಪ್ರಶ್ನೆಯನ್ನು ನಮ್ಮ ಬಳಿಗೆ ತಂದರು. ನಮಗೂ ಆ ದಿನ ಉತ್ತರ ಬರಲಿಲ್ಲ. ಈ ಪಾಠವು ಆಕೆಯ ಪ್ರಶ್ನೆಯಿಂದ ಹುಟ್ಟಿದ್ದಾಗಿದೆ.

1. ಈ ದಣಿವು ನಮಗೆ ಎಲ್ಲಿಂದ ಬಂತು?

ಮೈಯ ದಣಿವು ನಮ್ಮ ಜನರಿಗೆ ಹೊಸದಲ್ಲ. ರಾತ್ರಿ ಮಲಗಿದರೆ ಅದು ಇಳಿಯುತ್ತದೆ. ಮಲಗಿದರೂ ಇಳಿಯದಿರುವ ದಣಿವು ಒಂದುಂಟು. ದೇವರು ನನ್ನನ್ನು ಒಪ್ಪಿದನೋ ಇಲ್ಲವೋ ಎಂಬ ಭಯದಿಂದ ದುಡಿಯುವವನ ದಣಿವೇ ಅದು. ಇದಕ್ಕೆ ಮೂರು ಬೇರುಗಳನ್ನು ನಾವು ಕಾಣುತ್ತೇವೆ.

ಮೊದಲನೆಯ ಬೇರು ಹರಕೆಯ ಲೆಕ್ಕ. ನಮ್ಮ ಅಜ್ಜ ಮುತ್ತಜ್ಜಂದಿರು ಕ್ರಿಸ್ತನನ್ನು ಅರಿಯುವದಕ್ಕೆ ಮುಂಚೆ ಹರಕೆ ಹೊರುತ್ತಿದ್ದರು. ಮಗು ಉಳಿದರೆ ಬರಿಗಾಲಿನಿಂದ ಗುಡ್ಡಕ್ಕೆ ಬರುವೆನು, ದೀಡ ನಮಸ್ಕಾರ ಹಾಕುವೆನು ಎನ್ನುತ್ತಿದ್ದರು. ನೆರೆಯವರ ಭಕ್ತಿಯನ್ನು ಹಳಿಯುವದು ಈ ಪಾಠದ ಉದ್ದೇಶವಲ್ಲ. ನಮ್ಮ ಮನೆಯ ಕಸವನ್ನು ನಾವು ನೋಡಿಕೊಳ್ಳೋಣ. ನಾವು ದೀಕ್ಷಾಸ್ನಾನ ಹೊಂದಿದೆವು, ದೇವರ ನಾಮವನ್ನು ಬದಲಾಯಿಸಿದೆವು, ಆದರೆ ಲೆಕ್ಕದ ಪುಸ್ತಕವನ್ನು ಬದಲಾಯಿಸಲಿಲ್ಲ. ಇಷ್ಟು ಉಪವಾಸಕ್ಕೆ ಇಷ್ಟು ಮಳೆ, ಇಷ್ಟು ರಾತ್ರಿಯ ಪ್ರಾರ್ಥನೆಗೆ ಇಷ್ಟು ಆರೋಗ್ಯ ಎಂದು ಹಳೆಯ ಲೆಕ್ಕವನ್ನೇ ಹೊಸ ಹಾಳೆಯಲ್ಲಿ ಬರೆಯುತ್ತಿದ್ದೇವೆ.

ಎರಡನೆಯ ಬೇರು ಒಂದು ಒಳ್ಳೆಯ ಮಾತು ಕೆಟ್ಟುಹೋದದ್ದು. ನಮ್ಮ ನಾಡು ದುಡಿಮೆಯನ್ನು ಗೌರವಿಸುವ ನಾಡು. 12ನೆಯ ಶತಮಾನದಲ್ಲಿ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರೂ ಅವರ ಸಂಗಡಿಗರಾದ ಶರಣರೂ ಯಾವ ಕಾಯಕವೂ ಕೀಳಲ್ಲವೆಂದು ಜನರಿಗೆ ಕಲಿಸಿದರು. 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದ ಬಾಸೆಲ್ ಮಿಶನ್ನಿನವರು ನೇಯ್ಗೆಯ ಕಾರ್ಖಾನೆಗಳನ್ನೂ, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದು, ಕೈಯ ಕೆಲಸವು ಕ್ರೈಸ್ತನಿಗೆ ನಾಚಿಕೆಯಲ್ಲವೆಂದು ತೋರಿಸಿದರು. ಇವೆರಡೂ ಒಳ್ಳೆಯ ಪಾಠಗಳೇ. ಆದರೆ ದುಡಿಮೆ ಗೌರವವುಳ್ಳದ್ದು ಎಂಬ ಮಾತು ನಮ್ಮಲ್ಲಿ ಮೆಲ್ಲಗೆ ತಿರುಗಿ, ದುಡಿದಷ್ಟೇ ನನ್ನ ಬೆಲೆ ಎಂದಾಗಿದೆ. ಹೀಗೆ ತಿರುಗಬಾರದೆಂದು ನಮ್ಮ ನಾಡಿನ ಹಳೆಯ ಕಥೆಯೂ ಎಚ್ಚರಿಸುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು ಮಾರಯ್ಯನ ಕಾಯಕವಾಗಿತ್ತು. ಅವನು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅವನ ಹೆಂಡತಿ ಲಕ್ಕಮ್ಮನು ಅದನ್ನು ಮನೆಯಲ್ಲಿ ಇರಗೊಡದೆ ಹಿಂದಕ್ಕೆ ಕಳುಹಿಸಿದಳೆಂಬ ಕಥೆಯನ್ನು ಯಾರು ಕೇಳಿಲ್ಲ? ದುಡಿಮೆಗೂ ಸಾಕು ಎಂಬ ಮೇರೆಯುಂಟೆಂದು ಆಕೆ ಬಲ್ಲಳು. ಸಿಂದಗಿಯ ಆ ತಾಯಿಯೂ ಬಲ್ಲಳು.

ಮೂರನೆಯ ಬೇರು ಬರಗಾಲದ ಭಯ. 1876ರಿಂದ 1878ರ ವರೆಗೆ ದಕ್ಷಿಣ ದೇಶವನ್ನು ಹಿಡಿದ ಮಹಾಬರವು ಅಂದು ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ನಮ್ಮ ಸೀಮೆಯನ್ನು ಬಹಳವಾಗಿ ಬಾಧಿಸಿತು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಇಲ್ಲಿಯ ಜನಸಂಖ್ಯೆಯೇ ಇಳಿದುಹೋಯಿತು. ಹಸಿದವರು ಸರಕಾರದ ಬರಗಾಲದ ಕಾಮಗಾರಿಗೆ ಹೋಗಿ ಕಲ್ಲು ಒಡೆದರು, ಮಣ್ಣು ಹೊತ್ತರು. 1877ರ ಜನವರಿಯಲ್ಲಿ ಮುಂಬಯಿ ಸರಕಾರವು ಆ ಕೂಲಿಯನ್ನೂ ಇಳಿಸಿ, ಒಬ್ಬ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯನ್ನೂ ಅದರ ಮೇಲೆ ಅರ್ಧ ಆಣೆಯನ್ನೂ ಗೊತ್ತುಮಾಡಿತು. ಒಂದು ಪೌಂಡೆಂದರೆ ಅರ್ಧ ಕಿಲೋಗಿಂತಲೂ ಕಡಮೆ. ಹಸಿದವನು ಮೊದಲು ದುಡಿದು ತೋರಿಸಬೇಕು, ಆ ಮೇಲೆ ತುತ್ತು. ಇದೇ ಅಲ್ಲಿಯ ನಿಯಮ. ಅಂಥ ದಿನಗಳನ್ನು ಕಂಡ ಜನರ ಮಕ್ಕಳು ನಾವು. ದೇವರೆಂದರೆ ಅಳತೆಗೋಲು ಹಿಡಿದು ಗುಂಡಿಯ ದಂಡೆಯಲ್ಲಿ ನಿಂತ ಮುಕಾದಮನೆಂದು ನಮ್ಮ ಹೃದಯವು ಸುಲಭವಾಗಿ ನಂಬುತ್ತದೆ.

2. ಮುಕಾದಮನೋ? ತಂದೆಯೋ?

ದೇವರ ವಾಕ್ಯದಲ್ಲಿಯೂ ಇಂಥ ಮುಕಾದಮರಿದ್ದಾರೆ, ಆದರೆ ಅವರು ಫರೋಹನ ಆಳುಗಳು. ವಿಮೋಚನಕಾಂಡದ 5ನೆಯ ಅಧ್ಯಾಯವನ್ನು ಓದಿರಿ. ಇಸ್ರಾಯೇಲ್ಯರು ಐಗುಪ್ತದಲ್ಲಿ ದಾಸರಾಗಿ ಇಟ್ಟಿಗೆ ಮಾಡುತ್ತಿದ್ದರು. ನಮ್ಮ ದೇವರನ್ನು ಆರಾಧಿಸಲು ಬಿಡು ಎಂದು ಕೇಳಿದಾಗ ಫರೋಹನು ಅವರನ್ನು ಮೈಗಳ್ಳರೆಂದು ಜರೆದು, ಇಟ್ಟಿಗೆಗೆ ಬೇಕಾದ ಹುಲ್ಲನ್ನು ಕೊಡದೆ, ಇಟ್ಟಿಗೆಗಳ ಲೆಕ್ಕವನ್ನು ಮಾತ್ರ ಒಂದೂ ಕಡಮೆಮಾಡದೆ ಇಟ್ಟನು. ಸಾಮಗ್ರಿ ಕೊಡದೆ ಲೆಕ್ಕ ಕೇಳುವದು ಫರೋಹನ ಗುಣ.

ಇಂಥ ಜನರನ್ನು ದೇವರು ಬಿಡಿಸಿ ಹೊರಗೆ ತಂದನು. ತಂದ ಮೇಲೆ ವಾರಕ್ಕೊಂದು ದಿನ ಕೆಲಸ ನಿಲ್ಲಿಸಿರಿ ಎಂದು ಅಪ್ಪಣೆಕೊಟ್ಟನು. ಮಗ ಮಗಳು, ಆಳು ಕಾಳು, ಮನೆಯಲ್ಲಿ ಇಳುಕೊಂಡ ಪರದೇಶಿ, ಇವರೆಲ್ಲರಿಗೂ ಬಿಡುವು. ಎತ್ತಿಗೂ ಕತ್ತೆಗೂ ಸಹಾ ಬಿಡುವು. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯವು ಇದಕ್ಕೆ ಕೊಡುವ ಕಾರಣವನ್ನು ಗಮನಿಸಿರಿ: ನೀವು ಒಂದು ಕಾಲದಲ್ಲಿ ದಾಸರಾಗಿದ್ದಿರಿ, ನಾನು ನಿಮ್ಮನ್ನು ಬಿಡಿಸಿದೆನು, ಇದನ್ನು ಮರೆಯಬೇಡಿರಿ ಎಂಬುದೇ ಅದರ ಸಾರ. ದಾಸನಿಗೆ ರಜೆಯಿಲ್ಲ, ಮಗನಿಗೆ ಉಂಟು. ಆದಕಾರಣ ವಿಶ್ರಾಂತಿಯ ದಿನವು ಬಿಡುಗಡೆಯ ಗುರುತಾಗಿದೆ. ಬಿಡುಗಡೆಗೆ ನಾವು ಕೊಡುವ ಬೆಲೆ ಅದಲ್ಲ.

ಆದಿಕಾಂಡದ ಮೊದಲ ಪುಟದಲ್ಲಿಯೂ ಒಂದು ಸಂಗತಿಯುಂಟು. ಮನುಷ್ಯನು ಉಂಟಾದದ್ದು ಆರನೆಯ ದಿನದಲ್ಲಿ. ಮರುದಿನವೇ ದೇವರ ವಿಶ್ರಾಂತಿಯ ದಿನ. ಹೀಗೆ ಮನುಷ್ಯನು ಕಂಡ ಮೊದಲನೆಯ ಪೂರ್ತಿ ದಿನವು ವಿಶ್ರಾಂತಿಯ ದಿನವಾಗಿತ್ತು. ಅವನು ಇನ್ನೂ ಒಂದು ಸಾಲು ಉತ್ತಿರಲಿಲ್ಲ, ಒಂದು ಗಿಡ ನೆಟ್ಟಿರಲಿಲ್ಲ. ದೇವರು ಎಲ್ಲವನ್ನೂ ಸಿದ್ಧಮಾಡಿ ಮನುಷ್ಯನನ್ನು ಕರೆದು ಕೂಡ್ರಿಸಿದನು. ಕೆಲಸವು ಆ ಮೇಲೆ ಬಂತು. ಮನೆಯ ಮಗುವು ಹುಟ್ಟಿದ ದಿನವೇ ಹಾಲು ಕುಡಿಯುವದು ಹಾಗೆಯೇ ಅಲ್ಲವೇ? ಇದು ಮುಂದೆ ದುಡಿದು ತಂದು ಹಾಕೀತು ಎಂದು ಲೆಕ್ಕಹಾಕಿ ಯಾವ ತಾಯಿಯೂ ಹಾಲುಣಿಸುವದಿಲ್ಲ.

3. ದುಡಿದು ಸೋತ ಒಬ್ಬ ಸನ್ಯಾಸಿ

ನಮ್ಮ ಹಿರಿಯರಂತೆಯೇ ದೇವರ ಒಪ್ಪಿಗೆಗಾಗಿ ಹೆಣಗಿದ ಒಬ್ಬನು ಜರ್ಮನಿ ದೇಶದಲ್ಲಿದ್ದನು. ಮಾರ್ಟಿನ್ ಲೂಥರನು 1505ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ಎರ್ಫುರ್ಟ್ ಪಟ್ಟಣದ ಮಠವನ್ನು ಸೇರಿದನು. ಬಿರುಗಾಳಿ ಸಿಡಿಲಿನಲ್ಲಿ ಸಿಕ್ಕಿ, ಬದುಕಿದರೆ ಸನ್ಯಾಸಿಯಾಗುವೆನೆಂದು ಕೂಗಿ ಹೊತ್ತ ಹರಕೆಯೇ ಅದಕ್ಕೆ ಕಾರಣ. ನೋಡಿರಿ, ಅಲ್ಲಿಯೂ ಹರಕೆಯೇ! ಮಠದಲ್ಲಿ ಅವನು ಉಪವಾಸ ಮಾಡಿದನು, ಚಳಿಯಲ್ಲಿ ಜಾಗರಣೆ ಮಾಡಿದನು, ತನ್ನ ಪಾಪಗಳನ್ನು ಹುಡುಕಿ ಹುಡುಕಿ ಅರಿಕೆಮಾಡಿದನು. ಅರಿಕೆಮಾಡಿ ಹೊರಗೆ ಬಂದೊಡನೆ ಮತ್ತೊಂದು ಪಾಪವು ನೆನಪಾಗುತ್ತಿತ್ತು. ಎಷ್ಟು ಮಾಡಿದರೂ ಸಾಕಾಯಿತೆಂಬ ನಿಶ್ಚಯವು ಬರಲಿಲ್ಲ. ಆ ತಪಸ್ಸಿನಿಂದ ತನ್ನ ದೇಹಕ್ಕೆ ಕೇಡಾಯಿತೆಂದು ಮುಂದೆ ತಾನೇ ಹೇಳಿಕೊಂಡನು.

ಅನಂತರ ವಿಟ್ಟೆನ್‌ಬರ್ಗಿನಲ್ಲಿ ಬೋಧಕನಾಗಿ ಕೀರ್ತನೆಗಳನ್ನೂ, 1515 ಮತ್ತು 1516ರಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯನ್ನೂ ಪಾಠಹೇಳುತ್ತಿರುವಾಗ ಅವನ ಕಣ್ಣು ತೆರೆಯುತ್ತಾ ಬಂತು. ದೇವರ ನೀತಿ ಎಂಬುದು ದೇವರು ನಮ್ಮಿಂದ ಅಳೆದು ವಸೂಲುಮಾಡುವ ನೀತಿಯೆಂದು ಅವನು ತಿಳಿದಿದ್ದನು; ಅದು ನಂಬುವವನಿಗೆ ದೇವರು ತಾನೇ ಉಚಿತವಾಗಿ ಕೊಡುವ ನೀತಿಯೆಂದು ಕಂಡುಕೊಂಡನು. ಇದರಿಂದ ಅವನ ದುಃಖಗಳೆಲ್ಲಾ ತೀರಿದವೆಂದು ತಿಳಿಯಬೇಡಿರಿ. ಮನೋವ್ಯಥೆಯು ಅವನಿಗೆ ಕಡೆಯ ವರೆಗೂ ಆಗಾಗ್ಗೆ ಬರುತ್ತಿತ್ತು. ಆದರೆ ಆಗ ಓಡಿಹೋಗಿ ನಿಲ್ಲುವದಕ್ಕೆ ಅವನಿಗೊಂದು ಸ್ಥಳವಿತ್ತು. ಅದು ತನ್ನ ಕ್ರಿಯೆಗಳ ಪಟ್ಟಿಯಲ್ಲ, ಕ್ರಿಸ್ತನ ಶಿಲುಬೆ.

ಹೀಗೆ ಕೃಪೆಯಲ್ಲಿ ನೆಲೆಗೊಂಡವನು ಸೋಮಾರಿಯಾದನೋ? ಇಲ್ಲ. 1521ರ ಚಳಿಗಾಲದಲ್ಲಿ ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿದ್ದಾಗ ಕೆಲವೇ ವಾರಗಳಲ್ಲಿ ಹೊಸ ಒಡಂಬಡಿಕೆಯನ್ನೆಲ್ಲಾ ಗ್ರೀಕಿನಿಂದ ತನ್ನ ಜನರ ಭಾಷೆಗೆ ತಿರುಗಿಸಿದನು. 1522ರ ಸೆಪ್ಟೆಂಬರಿನಲ್ಲಿ ಅದು ಅಚ್ಚಾಗಿ ಹೊರಬಂತು. ಭಯದಿಂದ ದುಡಿದಾಗ ಅವನ ಕೆಲಸವೆಲ್ಲಾ ತನ್ನ ಸುತ್ತಲೇ ತಿರುಗುತ್ತಿತ್ತು. ಭಯ ಬಿಟ್ಟಾಗ ಅದು ನೆರೆಯವರಿಗೆ ಪ್ರಯೋಜನವಾಯಿತು.

4. ಹೆಗಲಿಗೆ ಹೊಂದುವ ನೊಗ

ಈಗ ನಮ್ಮ ಕರ್ತನ ಕರೆಗೆ ಬರೋಣ. ಮತ್ತಾಯನು 11ನೆಯ ಅಧ್ಯಾಯದ ಕೊನೆಯಲ್ಲಿ, ದುಡಿದು ಸೋತವರೂ ಭಾರ ಹೊತ್ತು ಬಳಲಿದವರೂ ತನ್ನ ಬಳಿಗೆ ಬರಬೇಕೆಂದು ಯೇಸು ಸ್ವಾಮಿಯು ಕರೆಯುತ್ತಾನೆ. ಮೊದಲು ಭಾರವನ್ನು ಇಳಿಸಿ ಬನ್ನಿರಿ ಎನ್ನಲಿಲ್ಲ. ಭಾರವಿದ್ದ ಹಾಗೆಯೇ ಬರಹೇಳಿದನು. ಬಂದವರಿಗೆ ವಿಶ್ರಾಂತಿಯನ್ನು ಮಾರುವೆನು ಎನ್ನಲಿಲ್ಲ, ಕೊಡುವೆನು ಎಂದನು.

ಆದರೆ ಅದೇ ಉಸಿರಿನಲ್ಲಿ ಆತನು ನೊಗದ ಮಾತನ್ನೂ ಆಡಿದ್ದಾನೆ. ವಿಶ್ರಾಂತಿ ಕೊಡುವವನು ನೊಗವನ್ನು ಯಾಕೆ ಕೊಡುತ್ತಾನೆ? ಪೇಟೆಯವನಿಗೆ ಇದು ಒಗಟಾಗಿರಬಹುದು, ಒಕ್ಕಲಿಗನಿಗೆ ಹಾಗಲ್ಲ. ಎತ್ತಿನ ಮೈಯನ್ನು ಕೆಡಿಸುವದು ನೊಗವಲ್ಲ, ಹೊಂದದ ನೊಗವೆಂದು ನೀವು ಬಲ್ಲಿರಿ. ಒಂದು ಕಡೆ ಉಬ್ಬು ಇದ್ದರೆ ಸಾಕು, ಎರಡು ದಿನದಲ್ಲಿ ಹೆಗಲಿಗೆ ಹುಣ್ಣಾಗುತ್ತದೆ. ಬಲ್ಲ ಬಡಿಗನು ಎತ್ತಿನ ಹೆಗಲನ್ನು ಕೈಯಿಂದ ಮುಟ್ಟಿ ನೋಡಿ, ಅದಕ್ಕೆ ಸರಿಯಾಗಿ ಕಟ್ಟಿಗೆಯನ್ನು ಕೆತ್ತಿ ನುಣುಪು ಮಾಡುವನು. ನಮ್ಮ ಕರ್ತನು ನಜರೇತಿನಲ್ಲಿ ಬಡಿಗನಾಗಿದ್ದನೆಂದು ಮಾರ್ಕನ 6ನೆಯ ಅಧ್ಯಾಯದಿಂದ ಬಲ್ಲೆವು. ಆತನು ನೇಗಿಲುಗಳನ್ನೂ ನೊಗಗಳನ್ನೂ ಮಾಡುತ್ತಿದ್ದನೆಂದು 2ನೆಯ ಶತಮಾನದಲ್ಲಿ ರಕ್ತಸಾಕ್ಷಿಯಾದ ಜಸ್ಟಿನನು ಬರೆದಿಟ್ಟಿದ್ದಾನೆ. ನನ್ನ ನೊಗವು ಹಿತವಾದದ್ದೆಂದು ಹೇಳುವವನು ನೊಗದ ಕೆಲಸವನ್ನು ಬಲ್ಲವನೇ.

ಇನ್ನೊಂದು ಸಂಗತಿ. ನೊಗವೆಂಬುದು ಇಬ್ಬರಿಗೆ. ಎಳೆಯ ಹೋರಿಯನ್ನು ಮೊದಲು ಹೂಡುವಾಗ ನೀವು ಅದನ್ನು ಪಳಗಿದ ಎತ್ತಿನ ಜೊತೆಗೆ ಕಟ್ಟುತ್ತೀರಿ. ಭಾರವನ್ನೆಲ್ಲಾ ಹಳೆಯ ಎತ್ತು ಎಳೆಯುತ್ತದೆ; ಹೋರಿಯು ಅದರ ಪಕ್ಕದಲ್ಲಿ ಹೆಜ್ಜೆ ಹಾಕಲು ಕಲಿಯುತ್ತದೆ. ಹೋರಿಗೆ ಕಷ್ಟ ಬರುವದು ಯಾವಾಗ? ಮುಂದಕ್ಕೆ ಹಾರಿ ತಾನೊಬ್ಬನೇ ಎಳೆಯುತ್ತೇನೆಂದು ಹೋದಾಗ, ಇಲ್ಲವೆ ಹಿಂದಕ್ಕೆ ಜಗ್ಗಿದಾಗ. ನಮ್ಮ ರಕ್ಷಣೆಯ ಭಾರವನ್ನು ಕರ್ತನು ಶಿಲುಬೆಯ ಮೇಲೆ ಎಳೆದು ಮುಗಿಸಿದ್ದಾನೆ. ನಮಗೆ ಉಳಿದದ್ದು ಆತನ ಹೆಜ್ಜೆಗೆ ಹೆಜ್ಜೆ ಹಾಕುವದು.

ಈ ಮಾತಾದ ಕೂಡಲೇ ಮತ್ತಾಯನು 12ನೆಯ ಅಧ್ಯಾಯದಲ್ಲಿ ಏನನ್ನು ಬರೆಯುತ್ತಾನೆ ನೋಡಿರಿ. ಸಬ್ಬತ್ ದಿನದಲ್ಲಿ ಹಸಿದ ಶಿಷ್ಯರು ಪೈರಿನ ನಡುವೆ ಹೋಗುತ್ತಾ, ನಮ್ಮವರು ಸೀತನಿಯ ಕಾಲದಲ್ಲಿ ಹಸೀ ತೆನೆ ಮುರಿಯುವಂತೆಯೇ, ತೆನೆ ಕಿತ್ತು ತಿಂದರು. ಫರಿಸಾಯರು ತಪ್ಪು ಹಿಡಿದರು. ವಿಶ್ರಾಂತಿಯ ದಿನವನ್ನೇ ಅವರು ಹೊರೆಯಾಗಿ ಮಾಡಿಬಿಟ್ಟಿದ್ದರು. ಯೆಹೂದ್ಯರ ಗುರುಗಳು ಆ ದಿನದಲ್ಲಿ ಮಾಡಬಾರದ ಕೆಲಸಗಳನ್ನು 39 ಬಗೆಯೆಂದು ಎಣಿಸಿಟ್ಟರು. ಬಿಡುವನ್ನು ಸಹಾ ಲೆಕ್ಕಕ್ಕೆ ಹಾಕಿಕೊಂಡು ದಣಿಯುವ ಶಕ್ತಿ ಮನುಷ್ಯನಿಗುಂಟು! ನಾವು ಸಹಾ ಭಾನುವಾರವನ್ನು ಹಾಗೆ ಮಾಡಿಕೊಳ್ಳದಂತೆ ಎಚ್ಚರವಾಗಿರಬೇಕು.

5. ಹಾಗಾದರೆ ದುಡಿಯಬಾರದೋ?

ಇಲ್ಲಿ ಯಾರಾದರೂ ಕೇಳಬಹುದು: ದಿನಗೂಲಿಯವರಿಗೆ ವಿಶ್ರಾಂತಿಯ ಮಾತು ಹೇಳುವದು ಸುಲಭ, ಒಂದು ದಿನ ಕೂತರೆ ಒಲೆಯ ಮೇಲೆ ಹಂಚು ಏರುವದಿಲ್ಲ. ಈ ಮಾತು ನಿಜ. ಬಡವನ ಹಸಿವನ್ನು ಉಪದೇಶದಿಂದ ಮುಚ್ಚಲು ನಾವು ಬಯಸುವದಿಲ್ಲ. ತಿಂಗಳುಗಟ್ಟಲೆ ಕಬ್ಬು ಕಡಿಯುವದಕ್ಕೆ ಹೋದವರಿಗೂ, ಗೋವೆಯಲ್ಲಿ ಮಣ್ಣು ಹೊರುವವರಿಗೂ ಬಿಡುವಿಲ್ಲದಂತೆ ಮಾಡುವದು ಒಡೆಯರ ಪಾಪ, ಕೂಲಿಯವರ ಪಾಪವಲ್ಲ. ಎತ್ತಿಗೂ ಬಿಡುವು ಕೊಡೆಂದ ದೇವರು ಆ ಒಡೆಯರನ್ನು ಕೇಳದೆ ಬಿಡನು.

ನಾವು ಹೇಳುವದು ಬೇರೆ. ಹೊಟ್ಟೆಗಾಗಿ ದುಡಿಯುವದು ಒಂದು. ದೇವರ ಮುಖವನ್ನು ಒಲಿಸಿಕೊಳ್ಳಲು ದುಡಿಯುವದು ಇನ್ನೊಂದು. ಮೊದಲನೆಯ ಹೊರೆಯು ನಮ್ಮ ಮೇಲೆ ಇರಬಹುದು. ಎರಡನೆಯ ಹೊರೆಯನ್ನು ಈ ಹೊತ್ತೇ ಇಳಿಸಬಹುದು, ಯಾಕಂದರೆ ಅದನ್ನು ದೇವರು ಹೊರಿಸಿಲ್ಲ. ಮೊದಲೇ ಭಾರವಾದ ಬದುಕಿನ ಮೇಲೆ ಈ ಎರಡನೆಯ ಹೊರೆಯನ್ನೂ ಹೊತ್ತರೆ ಮನುಷ್ಯನು ಮುರಿದುಹೋಗುವನು.

ಎಫೆಸದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಅಪೊಸ್ತಲನಾದ ಪೌಲನು ಇಡುವ ಕ್ರಮವನ್ನು ನೋಡಿರಿ. 8 ಮತ್ತು 9ನೆಯ ವಚನಗಳಲ್ಲಿ ರಕ್ಷಣೆಯು ದೇವರ ವರ, ನಮ್ಮ ಕ್ರಿಯೆಗಳ ಫಲವಲ್ಲ ಎನ್ನುತ್ತಾನೆ. 10ನೆಯ ವಚನದಲ್ಲಿ ನಾವು ಸತ್ಕ್ರಿಯೆಗಳಿಗಾಗಿಯೇ ಉಂಟುಮಾಡಲ್ಪಟ್ಟವರು ಎನ್ನುತ್ತಾನೆ. 10ನ್ನು 8ರ ಮುಂದೆ ತಂದು ಇಟ್ಟರೆ ಸುವಾರ್ತೆಯು ಕೆಡುತ್ತದೆ. 10ನ್ನು ಅಳಿಸಿಬಿಟ್ಟರೂ ಕೆಡುತ್ತದೆ.

ಈ ಕ್ರಮವನ್ನು ನಮ್ಮ ಎರೆ ಹೊಲವೇ ಕಲಿಸುತ್ತದೆ. ಡೋಣಿಯ ದಂಡೆಯ ಹಿಂಗಾರಿ ಹೊಲಗಳನ್ನು ನೆನಸಿರಿ. ಬೇಸಿಗೆಯಲ್ಲಿ ಆ ಭೂಮಿಯು ಬಾಯಿ ಬಿಟ್ಟು ಬಿರಿಯುತ್ತದೆ. ಜೂನಿನಿಂದ ಸೆಪ್ಟೆಂಬರಿನ ವರೆಗೆ ಮಳೆ ಬರುವಾಗ ಅದರಲ್ಲಿ ಪೈರಿರುವದಿಲ್ಲ. ಕಳೆ ಬಂದರೆ ಕುಂಟೆ ಹೊಡೆದು ಹರಗುವರು, ಅಷ್ಟೇ. ದಾರಿಹೋಕನು ನೋಡಿದರೆ ಹೊಲವು ಸುಮ್ಮನೆ ಬಿದ್ದಿದೆ ಎಂದಾನು. ಅದು ಸುಮ್ಮನೆ ಬಿದ್ದಿಲ್ಲ, ನೀರು ಕುಡಿಯುತ್ತಿದೆ. ಸೆಪ್ಟೆಂಬರಿನ ಕೊನೆಗೆ, ಅಕ್ಟೋಬರಿಗೆ ಕೂರಿಗೆ ಹೂಡಿ ಬಿಳಿಜೋಳ ಬಿತ್ತಿದ ಮೇಲೆ ಮಳೆಯು ಹೆಚ್ಚಾಗಿ ಬರುವದಿಲ್ಲ. ಒಳಗೆ ಕುಡಿದಿಟ್ಟ ಹಸಿಯಿಂದಲೇ ಪೈರು ಆಳೆತ್ತರ ಬೆಳೆದು, ಮಾಘದ ಹೊತ್ತಿಗೆ ತೆನೆ ತೂಗುತ್ತದೆ. ಕುಡಿಯದ ಹೊಲದಲ್ಲಿ ಎಷ್ಟು ಸಲ ಕೂರಿಗೆ ಎಳೆದರೂ ಬೀಜ ಹುಟ್ಟುವದಿಲ್ಲ. ದೇವರ ಮುಂದೆ ಸುಮ್ಮನಿದ್ದು ಆತನ ಪ್ರೀತಿಯನ್ನು ಹೀರಿಕೊಳ್ಳುವ ವೇಳೆಯು ವ್ಯರ್ಥವಾದ ವೇಳೆಯಲ್ಲ. ಒಳ್ಳೆಯ ಕ್ರಿಯೆಗಳು ಆ ಹಸಿಯಿಂದಲೇ ಬೆಳೆಯುತ್ತವೆ.

6. ನಡೆಯಲ್ಲಿ ತೋರಿಸತಕ್ಕದ್ದು

ಮೊದಲನೆಯದು, ಕಷ್ಟ ಬಂದಾಗ ಅದನ್ನು ನಿಮ್ಮ ಭಕ್ತಿಯ ಕೊರತೆಗೆ ದಂಡನೆಯೆಂದು ತಟ್ಟನೆ ಓದಬೇಡಿರಿ. ದೇವರು ಒಳ್ಳೆಯವರ ಮೇಲೆಯೂ ಕೆಟ್ಟವರ ಮೇಲೆಯೂ ಒಂದೇ ಮಳೆಯನ್ನು ಸುರಿಸುತ್ತಾನೆಂದು ಕರ್ತನು ಬೆಟ್ಟದ ಮೇಲೆ ಬೋಧಿಸಿದನು. ಬರವೂ ಹಾಗೆಯೇ ಎಲ್ಲರ ಹೊಲಕ್ಕೂ ಬರುತ್ತದೆ. ಮಗುವಿಗೆ ಜ್ವರ ಬಂದರೆ ಪ್ರಾರ್ಥಿಸಿರಿ, ಅದರ ಸಂಗಡಲೇ ವೈದ್ಯರ ಬಳಿಗೂ ಕರೆದುಕೊಂಡು ಹೋಗಿರಿ.

ಎರಡನೆಯದು, ಉಪವಾಸ ಮಾಡುವದಕ್ಕೆ ಮುಂಚೆ ನಿಮ್ಮನ್ನು ನೀವೇ ಕೇಳಿಕೊಳ್ಳಿರಿ: ಇದನ್ನು ಪ್ರೀತಿಯಿಂದ ಮಾಡುತ್ತೇನೋ, ಅಂಜಿಕೆಯಿಂದ ಮಾಡುತ್ತೇನೋ? ಒಂದು ವಾರ ಬಿಟ್ಟರೆ ದೇವರು ನನ್ನನ್ನು ಕೈಬಿಡುವನೆಂದು ತೋರಿದರೆ, ಆ ವಾರ ಉಪವಾಸವನ್ನು ಬಿಟ್ಟು, ಮನೆಯವರ ಸಂಗಡ ಕೂತು ಕೃತಜ್ಞತೆಯಿಂದ ಉಣ್ಣುವದೇ ನಿಮಗೆ ತಕ್ಕ ವ್ರತ.

ಮೂರನೆಯದು, ದೇಹವನ್ನು ಹಗೆಯೆಂದು ತಿಳಿಯಬೇಡಿರಿ. ಪ್ರವಾದಿಯಾದ ಎಲೀಯನು ಸೋತು, ಜಾಲಿಯಂಥ ಒಂದು ಗಿಡದ ಕೆಳಗೆ ಬಿದ್ದುಕೊಂಡು ಸಾವನ್ನು ಬೇಡಿದಾಗ, ದೇವರು ಅವನಿಗೆ ಉಪದೇಶ ಮಾಡಲಿಲ್ಲ, ಗದರಿಸಲಿಲ್ಲ. ಮಲಗಗೊಟ್ಟನು, ದೂತನ ಕೈಯಿಂದ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಡಿಸಿದನು, ಮತ್ತೊಮ್ಮೆ ಮಲಗಗೊಟ್ಟನು. ಮುಂದಿನ ಕೆಲಸದ ಮಾತು ಬಹಳ ದಿನಗಳ ಮೇಲೆ ಬಂತು. ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯದಲ್ಲಿ ಇದನ್ನು ಓದಬಹುದು.

ನಾಲ್ಕನೆಯದು, ಬೋಧಕರಿಗೂ ಹಿರಿಯರಿಗೂ ನಮ್ಮ ಬಿನ್ನಹ. ದಣಿದ ಮುಖವನ್ನು ಕಂಡು ಭಕ್ತಿಯೆಂದು ಹೊಗಳಬೇಡಿರಿ. ಬಡ ವಿಧವೆಯು ಕೂಲಿ ಮುಗಿಸಿ ಕೂಟಕ್ಕೆ ಬರಲಾರದೆ ಹೋದರೆ ಅವಳ ಹೆಸರನ್ನು ಸಭೆಯಲ್ಲಿ ಎತ್ತಬೇಡಿರಿ. ಅವಳ ಮನೆಗೆ ಹೋಗಿ ಹೊಸ್ತಿಲಲ್ಲಿ ಕೂತು ಐದು ನಿಮಿಷ ಪ್ರಾರ್ಥಿಸಿ ಬನ್ನಿರಿ. ಹೆಂಗಸರು ಭಾನುವಾರ ಎಲ್ಲರಿಗೂ ರೊಟ್ಟಿ ಬಡಿದು ದಣಿಯುತ್ತಿರುವಾಗ ಗಂಡಸರು ಮಾತ್ರ ವಿಶ್ರಾಂತಿಯ ಪಾಠವನ್ನು ಕೇಳಿದರೆ ಅದು ಕರ್ತನ ವಿಶ್ರಾಂತಿಯಲ್ಲ.

ಇನ್ನು ಆ ಹಿರಿಯರ ಮಾತನ್ನು ಹೇಳಿ ಮುಗಿಸುತ್ತೇವೆ. ಔಷಧೋಪಚಾರದಿಂದ ಅವರ ಮಗಳಿಗೆ ಗುಣವಾಯಿತು. ಮಗನು ಇನ್ನೂ ಗೋವೆಯಲ್ಲಿಯೇ ಇದ್ದಾನೆ. ಹೊಲದ ಮೇಲಿನ ಸಾಲವು ತೀರಿಲ್ಲ. ಹೀಗೆ ಅವರ ಕಷ್ಟಗಳೆಲ್ಲಾ ತೀರಿದವೆಂದು ನಾವು ಬರೆಯಲಾರೆವು. ಆದರೆ ಈಗ ಅವರು ನಸುಕಿನ ವರೆಗೆ ಮಲಗುತ್ತಾರೆ. ಸೋಮವಾರ ಎತ್ತುಗಳಿಗೆ ಮೇವು ಹಾಕಿದ ಮೇಲೆ ಹೆಂಡತಿಯ ಸಂಗಡ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾರೆ. ನಾವು ಹೋದ ಸಾರಿ ಆ ಸಭೆಗೆ ಹೋದಾಗ, ಹಿಂದೆ ಅವರನ್ನು ಹೊಗಳಿದ ಅದೇ ಸ್ಥಳದಲ್ಲಿ ನಿಂತು ಅವರ ಕ್ಷಮೆಯನ್ನು ಬೇಡಿದೆವು. ಕೂಟವು ಮುಗಿದ ಮೇಲೆ ಆ ತಾಯಿಯನ್ನು ಕಂಡು, ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತಮ್ಮಾ ಎಂದೆವು. ಆಕೆ ಸೆರಗಿನಿಂದ ಮುಖ ಒರಸಿಕೊಂಡು, “ಅವರ ಸಂಗಾಟ ಕೂತು ಉಣ್ಣಾಕ ಹತ್ಯಾರ‍್ರೀ, ನನಗ ಅದ ಉತ್ತರಾ” ಎಂದಳು.

ಮನೆಯಲ್ಲಿಯೂ ಸಭೆಯಲ್ಲಿಯೂ ವಿಚಾರಿಸತಕ್ಕ ಪ್ರಶ್ನೆಗಳು

1. ಫರೋಹನು ಕೆಲಸ ತೆಗೆದುಕೊಳ್ಳುವ ರೀತಿಗೂ ದೇವರು ಕೆಲಸ ಕೊಡುವ ರೀತಿಗೂ ಇರುವ ಭೇದವೇನು?
2. ಮನುಷ್ಯನ ಮೊದಲನೆಯ ಪೂರ್ತಿ ದಿನವು ವಿಶ್ರಾಂತಿಯ ದಿನವಾಗಿದ್ದದರಿಂದ ನಾವು ಏನು ಕಲಿಯುತ್ತೇವೆ?
3. ಹೊಂದದ ನೊಗದಿಂದ ಎತ್ತಿಗೆ ಏನಾಗುತ್ತದೆ? ನಿಮ್ಮ ಹೆಗಲ ಮೇಲೆ ಕರ್ತನು ಇಡದ ನೊಗವೇನಾದರೂ ಉಂಟೋ?
4. ಎಫೆಸದವರಿಗೆ 2ನೆಯ ಅಧ್ಯಾಯದ 10ನೆಯ ವಚನವು 8ನೆಯದರ ಮುಂದೆ ಬಾರದೆ ಹಿಂದೆ ಬಂದಿರುವದು ಯಾಕೆ?
5. ನಿಮ್ಮ ಸಭೆಯಲ್ಲಿ ಬಹಳ ದಣಿದವರು ಯಾರು? ಅವರ ಒಂದು ಕೆಲಸವನ್ನು ಈ ವಾರ ನೀವು ಹೊರಬಹುದೋ?

ಪ್ರಾರ್ಥನೆ

ತಂದೆಯೇ, ನಿನ್ನನ್ನು ಮುಕಾದಮನೆಂದು ತಿಳಿದು ನಿನ್ನ ಮುಂದೆ ಅಂಜಿ ದುಡಿದೆವು, ಕ್ಷಮಿಸು. ನಿನ್ನ ಮಗನು ಎಳೆದು ಮುಗಿಸಿದ ಭಾರವನ್ನು ಮತ್ತೆ ನಮ್ಮ ಹೆಗಲಿಗೆ ಏರಿಸಿಕೊಳ್ಳದಂತೆ ನಮ್ಮನ್ನು ಕಾಯಿ. ಬರದಲ್ಲಿಯೂ ಬೆಳೆಯಲ್ಲಿಯೂ ನಾವು ನಿನ್ನ ಮಕ್ಕಳೆಂದು ನಂಬಿ ಮಲಗುವಂತೆಯೂ, ಎದ್ದು ಸಂತೋಷದಿಂದ ಹೊಲಕ್ಕೆ ಹೋಗುವಂತೆಯೂ ಅನುಗ್ರಹಿಸು. ಆಮೆನ್.